ಕೆರೆ ಕೆಲಸದ ಟೆಂಡರಿಗೆ ರೋಹಿಣಿ ಮಳೆ ಕಾಯೂದಿಲ್ಲ

ಬಜೆಟ್ ಬಂತು ಅಂದ್ರೆ ಪೇಪರಿನ ತುಂಬ ಕೋಟಿಯ ಲೆಕ್ಕ. 2025ರ ಮಾರ್ಚಿನಲ್ಲಿ ಮಂಡಿಸಿದ ರಾಜ್ಯ ಬಜೆಟ್ 4 ಲಕ್ಷ 9 ಸಾವಿರ ಕೋಟಿ ರೂಪಾಯಿ ದಾಟಿತ್ತು. ಅಷ್ಟು ದೊಡ್ಡ ಲೆಕ್ಕ ಒಣಬೇಸಾಯದವರಾದ ನಮಗೆ ಬೇಡ. ನಮಗೆ ಬೇಕಾದದ್ದು ಸಣ್ಣ ಲೆಕ್ಕ. ನಮ್ಮೂರ ಕೆರೆಗೆ ಅಂತ 10 ಲಕ್ಷ ಮಂಜೂರಾದರೆ ಅದರಲ್ಲಿ ಎಷ್ಟು ರೂಪಾಯಿ ಏರಿಯ ಮೇಲೆ ಬಂದು ಬೀಳುತ್ತದೆ? ಯಾವ ತಿಂಗಳಿಗೆ ಬೀಳುತ್ತದೆ?

ಈ ಎರಡು ಪ್ರಶ್ನೆಗೆ ಉತ್ತರ ಬಜೆಟ್ ಪುಸ್ತಕದಲ್ಲಿ ಸಿಗೂದಿಲ್ಲ. ಅದು ಇರುವುದು ಗುತ್ತಿಗೆ ಕೊಡುವ ನಿಯಮದಲ್ಲಿ. ಆ ನಿಯಮಗಳನ್ನು ಬೆಂಗಳೂರಿನಲ್ಲಿ ಆಗಾಗ ಬದಲಿಸುತ್ತಾರೆ. ಅವು ಗುತ್ತಿಗೆದಾರರಿಗೆ ಗೊತ್ತು, ಇಂಜಿನಿಯರಿಗೆ ಗೊತ್ತು. ಕೆರೆ ಕೆಳಗೆ ಬಿತ್ತುವವನಿಗೆ ಮಾತ್ರ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಏನಾಗುತ್ತದೆ ಅಂತ ನಮ್ಮೂರಲ್ಲೇ ಅನುಭವಿಸಿದ್ದೇನೆ.

ಒಡೆದಿಟ್ಟ ತೂಬು

ನಮ್ಮದು ಹಳಿಯಾಳ ತಾಲೂಕಿನ ಮೂಡಲ ಬದಿ, ಕಲಘಟಗಿ ಸೀಮೆಗೆ ಹತ್ತಿದ ಹಳ್ಳಿ. ಕೂರಿಗೆ ಭತ್ತ, ಹತ್ತಿ, ಗೋವಿನಜೋಳ ನಮ್ಮ ಬೆಳೆ. ಕೆರೆ ಇದೆ, ಆದರೆ ಅದು ನೀರಾವರಿ ಕೆರೆ ಅನ್ನುವಷ್ಟು ದೊಡ್ಡದಲ್ಲ. ಭತ್ತ ತೆನೆ ಬಿಡುವಾಗ ಮಳೆ ಕೈಕೊಟ್ಟರೆ ಒಂದು ಸಲ, ಹೆಚ್ಚಂದ್ರೆ ಎರಡು ಸಲ ನೀರು ಕೊಡುತ್ತದೆ. ಆ ಒಂದು ನೀರೇ ನಮಗೆ ಚೀಲ ತುಂಬುವುದಕ್ಕೂ ಬರೇ ಹುಲ್ಲು ಹೊರುವುದಕ್ಕೂ ಇರುವ ಅಂತರ.

ಆ ಕೆರೆಯ ತೂಬು ಸೋರುತ್ತಿತ್ತು. ಹಣ ಮಂಜೂರಾಗಿ ವರ್ಷದ ಮೇಲಾಗಿತ್ತು. ಕೆಲಸದವರು ಬಂದದ್ದು 2023ರ ಮೇ ಕೊನೆಗೆ. ಯಂತ್ರ ತಂದು ಎರಡು ದಿನದಲ್ಲಿ ಏರಿ ಸೀಳಿದರು, ಹಳೆ ತೂಬು ಕಿತ್ತರು. ಮೂರನೇ ದಿನ ಯಂತ್ರ ಹೋಯ್ತು, ಮತ್ತೆ ಬರಲಿಲ್ಲ. ಕೇಳಿದರೆ, "ಏನ್ ಮಾಡೂಣ್ರಿ, ಹಿಂದಿನ ಬಿಲ್ಲ ಬಂದಿಲ್ಲ, ಡೀಸೆಲ್‌ಗೆ ರೊಕ್ಕ ಇಲ್ಲ" ಅಂದರು. ಹಾಗೆ ಅಂದವನು ಟೆಂಡರು ಹಿಡಿದವನಲ್ಲ. ಟೆಂಡರು ಹಿಡಿದವನು ಬೇರೆ ಊರಿನವನು, ಅವನಿಂದ ಕೆಲಸ ತಗೊಂಡವನು ಇನ್ನೊಬ್ಬ, ನಮ್ಮೆದುರು ನಿಂತವನು ಬರೀ ಯಂತ್ರದ ಮಾಲಕ.

ಆ ವರ್ಷದ ಮಳೆ ನಿಮಗೆಲ್ಲ ನೆನಪಿರಬೇಕು. ಜೂನ್ ಒಣಗಿತು. ಜುಲೈನಲ್ಲಿ ಚೆನ್ನಾಗಿ ಹೊಡೆಯಿತು. ಆಗಸ್ಟ್ ಪೂರ್ತಿ ಕೈಕೊಟ್ಟಿತು. ಜುಲೈ ಮಳೆಯಲ್ಲಿ ಕೆರೆ ತುಂಬಬೇಕಾಗಿತ್ತು. ಬಂದ ನೀರೆಲ್ಲ ಸೀಳಿದ ಏರಿಯಿಂದ ಹಳ್ಳಕ್ಕೆ ಹೋಯ್ತು. ಆಗಸ್ಟಿನಲ್ಲಿ ಭತ್ತ ಸುರುಳಿ ಸುತ್ತುವಾಗ ನಾವು ಕೆರೆ ಒಳಗೆ ದನ ಮೇಯಿಸುತ್ತಿದ್ದೆವು. ಹಣ ಇರದಿದ್ದರೆ ಸೋರುವ ಹಳೆ ತೂಬಾದರೂ ಇರುತ್ತಿತ್ತು. ಹಣ ಬಂದದ್ದೇ ನಮಗೆ ಮುಳುವಾಯ್ತು.

ನಿಯಮ ಬದಲಾದ ಬಗೆ

ಹಿಂದೆ ಗುತ್ತಿಗೆ ಕೊಡುವುದು ಬಹಳ ಮಟ್ಟಿಗೆ ಕಚೇರಿಯ ಒಳಗಿನ ವ್ಯವಹಾರ. 1999ರ ಪಾರದರ್ಶಕತೆ ಕಾಯ್ದೆ, ಅಂದ್ರೆ ಸಾರ್ವಜನಿಕ ಖರೀದಿ ಮತ್ತು ಕಾಮಗಾರಿಗೆ ಬಹಿರಂಗ ಟೆಂಡರು ಕಡ್ಡಾಯ ಮಾಡಿದ ಕಾಯ್ದೆ, 2000ದ ಅಕ್ಟೋಬರದಿಂದ ಜಾರಿಗೆ ಬಂತು. 2 ಕೋಟಿವರೆಗಿನ ಟೆಂಡರಿಗೆ ಅರ್ಜಿ ಹಾಕಲು 30 ದಿನ, ಅದರ ಮೇಲಿನದಕ್ಕೆ 60 ದಿನ ಕೊಡಬೇಕು ಅಂತ ಆಗ ನಿಯಮ ಮಾಡಿದರು. 2007ರ ಹೊತ್ತಿಗೆ ಟೆಂಡರು ಕಂಪ್ಯೂಟರಿಗೆ ಬಂತು. ಟೆಂಡರು ಪೆಟ್ಟಿಗೆ ಮುಂದೆ ಪುಂಡರನ್ನು ನಿಲ್ಲಿಸಿ ಬೇರೆಯವರ ಅರ್ಜಿ ತಡೆಯುವುದು ಕಡಿಮೆಯಾಯ್ತು. ಇದು ಒಳ್ಳೆಯದೇ ಆಯ್ತು.

2017ರಿಂದ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ 50 ಲಕ್ಷದೊಳಗಿನ ಕಾಮಗಾರಿಗಳಲ್ಲಿ ಪಾಲು ಸಿಕ್ಕಿತು. ಮುಂದೆ ಆ ಮಿತಿಯನ್ನು 1 ಕೋಟಿಗೆ ಏರಿಸಿದರು, ಹಿಂದುಳಿದ ವರ್ಗದ ಪ್ರವರ್ಗ 1 ಮತ್ತು 2ಎ ಕೂಡ ಸೇರಿದವು. 2025ರ ಮಾರ್ಚಿನಲ್ಲಿ ವಿಧಾನಮಂಡಲ ಇನ್ನೊಂದು ತಿದ್ದುಪಡಿ ಒಪ್ಪಿತು: ಕಾಮಗಾರಿ ಮಿತಿ 2 ಕೋಟಿಗೆ, ಜೊತೆಗೆ 2ಬಿ ಪ್ರವರ್ಗಕ್ಕೆ ಶೇಕಡಾ 4. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಬಿಟ್ಟರು. ಪೇಪರಿನಲ್ಲಿ, ಟೀವಿಯಲ್ಲಿ ಜಗಳ ನಡೆದದ್ದು ಈ ಒಂದೇ ವಿಷಯದ ಮೇಲೆ. ಯಾರಿಗೆ ಗುತ್ತಿಗೆ ಅಂತ ಎಲ್ಲರೂ ಮಾತಾಡಿದರು. ಕೆಲಸ ಯಾವ ತಿಂಗಳಿಗೆ ಮುಗಿಯಬೇಕು ಅಂತ ಒಬ್ಬರೂ ಮಾತಾಡಲಿಲ್ಲ.

10 ಲಕ್ಷದಲ್ಲಿ ಕೆರೆಗೆ ಎಷ್ಟು?

ಸದ್ದಿಲ್ಲದೆ ಬದಲಾದದ್ದು ತೆರಿಗೆ. 2022ರ ಜುಲೈ 18ಕ್ಕೆ ಮೊದಲು ಸರ್ಕಾರದ ಇಂಥ ಕಟ್ಟುವ ಗುತ್ತಿಗೆಗೆ ಜಿಎಸ್‌ಟಿ ಶೇಕಡಾ 12 ಇತ್ತು. ಅಂದಿನಿಂದ 18 ಆಯ್ತು. ತೂಬು, ಕೋಡಿ ಕಟ್ಟುವ ಕೆಲಸಕ್ಕೆ ತೆರಿಗೆ ಸೇರಿ 10 ಲಕ್ಷ ಮಂಜೂರಾಗಿದೆ ಅಂತ ಇಟ್ಟುಕೊಳ್ಳಿ. ಲೆಕ್ಕ ಹೀಗಾಗುತ್ತದೆ.

ಶೇಕಡಾ 12 ಇದ್ದಾಗ ತೆರಿಗೆ 1,07,143 ರೂಪಾಯಿ, ಕೆಲಸಕ್ಕೆ ಉಳಿಯುವುದು 8,92,857.
ಶೇಕಡಾ 18 ಆದಾಗ ತೆರಿಗೆ 1,52,542 ರೂಪಾಯಿ, ಕೆಲಸಕ್ಕೆ ಉಳಿಯುವುದು 8,47,458.

ವ್ಯತ್ಯಾಸ 45,399 ರೂಪಾಯಿ. ಬಜೆಟ್ ಪುಸ್ತಕದಲ್ಲಿ ಎರಡೂ ಕಡೆ 10 ಲಕ್ಷ ಅಂತಲೇ ಇರುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಶೇಕಡಾ 1 ಸೆಸ್ ಬೇರೆ ಇದೆ, ಅದು ಕೂಲಿಯವರದ್ದು, ಅದಕ್ಕೆ ತಕರಾರಿಲ್ಲ.

ಗುತ್ತಿಗೆದಾರ ಸಿಮೆಂಟು, ಕಬ್ಬಿಣಕ್ಕೆ ಕೊಟ್ಟ ತೆರಿಗೆಯನ್ನು ವಜಾ ಹಿಡಿಯುತ್ತಾನಲ್ಲ ಅಂತ ತಿಳಿದವರು ಕೇಳಬಹುದು. ಹಿಡಿಯುತ್ತಾನೆ. ಆದರೆ ಕೆರೆ ಕೆಲಸದಲ್ಲಿ ಸಿಮೆಂಟಿಗಿಂತ ಹೆಚ್ಚು ಹೋಗುವುದು ಡೀಸೆಲ್ ಮತ್ತು ಕೂಲಿ. ಡೀಸೆಲ್ ಜಿಎಸ್‌ಟಿಯಲ್ಲಿ ಇಲ್ಲ, ಅದಕ್ಕೆ ವಜಾ ಸಿಗೂದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಕಟ್ಟುವ ಕೆಲಸದ ಮೇಲಿನ 18 ಇಳಿಯಲಿಲ್ಲ.

ಆ 45 ಸಾವಿರ ಅಂದ್ರೆ ಎಷ್ಟು? ನಮ್ಮ ಹೊಲಕ್ಕೆ ಹೂಳು ಹೊಡೆಸಿದಾಗ ನಾನು ಟ್ರೇಲರಿಗೆ 300 ರೂಪಾಯಿ ಕೊಟ್ಟೆ. ಆ ಲೆಕ್ಕಕ್ಕೆ 150 ಟ್ರೇಲರು. ಒಂದು ಟ್ರೇಲರು ಹೂಳು ತೆಗೆದರೆ ಸುಮಾರು ಒಂದು ಬ್ರಾಸ್, ಅಂದ್ರೆ 2,800 ಲೀಟರು ನೀರು ನಿಲ್ಲುವ ಜಾಗ ಆಗುತ್ತದೆ. 150 ಟ್ರೇಲರಿಗೆ 4 ಲಕ್ಷ 20 ಸಾವಿರ ಲೀಟರು. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಸುಮಾರು 1 ಲಕ್ಷ 3 ಸಾವಿರ ಲೀಟರು. ಅಲ್ಲಿಗೆ ನಾಲ್ಕು ಎಕರೆಯ ಒಂದು ಇಂಚು ನೀರು, ಕೆರೆ ತುಂಬಿದ ಪ್ರತಿ ಸಲ, ಕಾಗದದ ಮೇಲೆಯೇ ಇಂಗಿಹೋಯ್ತು. ಇದು ಯಾರೂ ಕದ್ದದ್ದಲ್ಲ, ನಿಯಮ ಬದಲಾದದ್ದು. ಕದ್ದದ್ದಿದ್ದರೆ ಅದು ಇದರ ಮೇಲೆ.

ತೆರಿಗೆ ಏರಿಸುವಾಗ ಸರ್ಕಾರ ಮಂಜೂರಾತಿಯನ್ನೂ ಅಷ್ಟೇ ಏರಿಸಬೇಕು. ಇಲ್ಲದಿದ್ದರೆ ತೆರಿಗೆ ಕಟ್ಟುವುದು ಗುತ್ತಿಗೆದಾರನೂ ಅಲ್ಲ, ಸರ್ಕಾರವೂ ಅಲ್ಲ. ಕಟ್ಟುವುದು ಕೆರೆ.

ಒಂದೇ ಗಂಟಿನಲ್ಲಿ ಹತ್ತೂರು

ಇನ್ನೊಂದು ಪದ್ಧತಿ ಪ್ಯಾಕೇಜ್ ಟೆಂಡರು. ಬೇರೆ ಬೇರೆ ಊರಿನ ಸಣ್ಣ ಕೆಲಸಗಳನ್ನು ಸೇರಿಸಿ ಒಂದು ದೊಡ್ಡ ಗಂಟು ಕಟ್ಟಿ ಒಬ್ಬನಿಗೇ ಕೊಡುವುದು. ಕಚೇರಿಗೆ ಇದು ಅನುಕೂಲ. ಹತ್ತು ಟೆಂಡರಿನ ಕಡತ ನೋಡುವ ಬದಲು ಒಂದು ಕಡತ. ಆದರೆ ಆ ಗಂಟು ಎತ್ತುವ ಶಕ್ತಿ ಇಲ್ಲಿನ ಸಣ್ಣ ಗುತ್ತಿಗೆದಾರನಿಗೆ ಇಲ್ಲ. ಠೇವಣಿ ಇಡಲು, ಹಿಂದೆ ಅಷ್ಟು ದೊಡ್ಡ ಕೆಲಸ ಮಾಡಿದ ದಾಖಲೆ ತೋರಿಸಲು ಅವನಿಗೆ ಆಗುವುದಿಲ್ಲ. ರಾಜ್ಯ ಗುತ್ತಿಗೆದಾರರ ಸಂಘದವರೇ ಇದನ್ನು ವಿರೋಧಿಸುತ್ತ ಬಂದಿದ್ದಾರೆ.

ಇದರಲ್ಲಿ ಇನ್ನೊಂದು ಮೋಸ ಅಡಗಿದೆ. ಮೀಸಲಾತಿ ಇರುವುದು ಇಂತಿಷ್ಟು ಮೊತ್ತದ ಒಳಗಿನ ಕೆಲಸಕ್ಕೆ. ಸಣ್ಣ ಕೆಲಸಗಳನ್ನು ಸೇರಿಸಿ ಆ ಮೊತ್ತ ದಾಟಿಸಿದರೆ ಮೀಸಲಾತಿ ತಾನಾಗಿ ತಪ್ಪಿತು. ಹಳಿಯಾಳ, ಮುಂಡಗೋಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡ. ಆ ಸಮಾಜದ ಹುಡುಗ ಒಬ್ಬ ಗುತ್ತಿಗೆದಾರನಾಗಿ ಹೆಸರು ನೋಂದಾಯಿಸಿದರೆ ಅವನಿಗೆ ಬೇಕಾದದ್ದು ತನ್ನೂರ ಹತ್ತಿರದ ಎಂಟು-ಹತ್ತು ಲಕ್ಷದ ತೂಬಿನ ಕೆಲಸ. ಗಂಟು ಕಟ್ಟಿದ ಮೇಲೆ ಅವನು ದೊಡ್ಡವನ ಕೈಕೆಳಗೆ ಕೂಲಿಗೆ ಹೋಗಬೇಕು. ಕಾಯ್ದೆ ಕೊಟ್ಟದ್ದನ್ನು ಗಂಟು ಕಿತ್ತುಕೊಂಡಿತು.

ನಮಗೆ ರೈತರಿಗೆ ಇದರಿಂದ ಆಗುವ ನಷ್ಟ ನಮ್ಮ ತೂಬಿನ ಕಥೆಯಲ್ಲೇ ಇದೆ. ಗಂಟು ಹಿಡಿದವನು ಮೊದಲು ಮಾಡುವುದು ಡಾಂಬರು ರಸ್ತೆಯ ಬದಿಯ ಕೆಲಸ. ಒಳಗಿನ ಊರಿನ ಕೆರೆಗೆ ಬರುವುದು ಕೊನೆಗೆ, ಅಂದ್ರೆ ಮೇ ತಿಂಗಳಿಗೆ. ಅದೂ ಮೂರನೇ ಕೈಯವನ ಮೂಲಕ. ಪ್ರತಿ ಕೈಯೂ ತನ್ನ ಪಾಲು ಇಟ್ಟುಕೊಂಡೇ ಮುಂದೆ ದಾಟಿಸುತ್ತದೆ.

ನಾಲ್ಕು ತಾಲೂಕು, ನಾಲ್ಕು ಬಗೆ

ಒಂದೇ ನಿಯಮ ಎಲ್ಲ ಕಡೆ ಒಂದೇ ಥರ ಬೀಳುವುದಿಲ್ಲ. ದಾಂಡೇಲಿ 2018ರಲ್ಲಿ ನಮ್ಮಿಂದ ಬೇರೆಯಾಗಿ ತಾಲೂಕಾಯ್ತು. ಅಲ್ಲಿ ಪೇಟೆಯ ಕೆಲಸ ಹೆಚ್ಚು, ಜಲ್ಲಿ-ಮರಳಿನ ಗಾಡಿ ಬಾಗಿಲಿಗೆ ಬರುತ್ತದೆ, ಗುತ್ತಿಗೆದಾರರಿಗೆ ಬರವಿಲ್ಲ.

ಜೋಯಿಡಾ ಅದಕ್ಕೆ ತದ್ವಿರುದ್ಧ. ಕಾಡಿನ ನಡುವೆ ನಾಲ್ಕು ಮನೆ ಇಲ್ಲಿ, ಆರು ಮನೆ ಅಲ್ಲಿ. ಕಾಲುಸಂಕ, ಒಡ್ಡು, ಸಣ್ಣ ಮೋರಿ ಅವರ ಬೇಡಿಕೆ. ಸಾಮಾನು ಸಾಗಿಸುವ ಖರ್ಚೇ ಕೆಲಸದ ಖರ್ಚಿಗೆ ಸಮ. ಟೆಂಡರು ಕರೆದರೆ ಹಾಕುವವರಿಲ್ಲ, ಗಂಟಿಗೆ ಸೇರಿಸಿದರೆ ಮಾಡುವವರಿಲ್ಲ. ಮೇಲಿಂದ ಅರಣ್ಯದ ಒಪ್ಪಿಗೆ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಶಿಫಾರಸು ಮಾಡಿದರೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು ಜಾಗದಲ್ಲಿ ಸಣ್ಣ ನೀರಾವರಿ, ಕುಡಿಯುವ ನೀರು, ರಸ್ತೆಯಂಥ ಕೆಲಸಕ್ಕೆ ಅವಕಾಶ ಇಟ್ಟಿದ್ದಾರೆ. ಅದನ್ನು ಟೆಂಡರಿಗೆ ಮೊದಲೇ ಮುಗಿಸಿಕೊಳ್ಳಬೇಕು. ಟೆಂಡರಾದ ಮೇಲೆ ಶುರು ಮಾಡಿದರೆ ಒಂದು ಬೇಸಿಗೆ ಹೋಯ್ತು ಅಂತಲೇ ಲೆಕ್ಕ.

ಹಳಿಯಾಳ, ಮುಂಡಗೋಡ ಎರಡೂ ಕೆರೆಯ ಸೀಮೆ. ಕಾಳಿ ನದಿಯ ನೀರನ್ನು ದಾಂಡೇಲಿ ಕಡೆಯಿಂದ ಎತ್ತಿ ಹಳಿಯಾಳದ ಕೆರೆ ತುಂಬಿಸುವ ದೊಡ್ಡ ಯೋಜನೆ ನಮ್ಮಲ್ಲಿ ಬಂದಿದೆ. ಪೈಪು, ಪಂಪಿನದು ದೊಡ್ಡ ಟೆಂಡರು. ಆದರೆ ಕೊನೆಗೆ ಆ ನೀರು ನಿಲ್ಲಬೇಕಾದದ್ದು ನಮ್ಮ ಸಣ್ಣ ಕೆರೆಯಲ್ಲಿ. ತೂಬು ಸೋರಿದರೆ ನದಿಯನ್ನೇ ತಂದು ಸುರಿದರೂ ಅದು ಮತ್ತೆ ಹಳ್ಳಕ್ಕೇ ಹೋಗುವುದು.

ತಿಂಗಳ ಲೆಕ್ಕ

ಕೆರೆ ಕೆಲಸ ಮಾಡಲು ಬರುವುದು ನೀರು ಇಳಿದ ಮೇಲೆ. ನಮ್ಮ ಕಡೆ ಅದು ಜನವರಿ ಕೊನೆಯಿಂದ ಮೇ ನಡುವಿನವರೆಗೆ. ಮೇ 25ಕ್ಕೆ ರೋಹಿಣಿ ಮಳೆ ಹುಟ್ಟುತ್ತದೆ, ನಾವು ಕೂರಿಗೆ ಹೂಡುತ್ತೇವೆ. ಸಿಗುವುದು ಹೆಚ್ಚೆಂದರೆ ನಾಲ್ಕು ತಿಂಗಳು.

ಸರ್ಕಾರದ ವರ್ಷ ಏಪ್ರಿಲ್‌ಗೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕ್ರಿಯಾ ಯೋಜನೆ, ಎಸ್ಟಿಮೇಟು, ತಾಂತ್ರಿಕ ಮಂಜೂರಾತಿ, ಟೆಂಡರು, ದರ ನೋಡುವುದು, ಕರಾರು, ಕಾರ್ಯಾದೇಶ. ಇಷ್ಟೂ ಮೆಟ್ಟಿಲು ಹತ್ತಿ ಬರುವಾಗ ಫೆಬ್ರವರಿ ಮುಗಿದಿರುತ್ತದೆ. ಆಮೇಲೆ ಮಾರ್ಚಿನ ಗಡಿಬಿಡಿ. ಹಣ ವಾಪಸು ಹೋಗುತ್ತದೆ ಅಂತ ಕೆಲಸಕ್ಕಿಂತ ಬಿಲ್ಲು ಮುಂದೆ ಓಡುತ್ತದೆ.

ಅದರ ನಡುವೆ ಚುನಾವಣೆ. 2023ರಲ್ಲಿ ಮಾರ್ಚ್ 29ಕ್ಕೆ ವಿಧಾನಸಭೆಯ ನೀತಿ ಸಂಹಿತೆ ಬಂತು. 2024ರಲ್ಲಿ ಮಾರ್ಚ್ 16ಕ್ಕೆ ಲೋಕಸಭೆಯದ್ದು, ನಮ್ಮ ಜಿಲ್ಲೆಯಲ್ಲಿ ಮತದಾನ ಆದದ್ದು ಮೇ 7ಕ್ಕೆ. ಶುರುವಾದ ಕೆಲಸಕ್ಕೆ ಸಂಹಿತೆ ಅಡ್ಡ ಇಲ್ಲ, ಹೊಸ ಕೆಲಸಕ್ಕೆ ಅಡ್ಡ. ಹೀಗೆ ಎರಡು ವರ್ಷ, ಒಂದರ ಹಿಂದೆ ಒಂದು, ಸರಿಯಾಗಿ ಕೆರೆ ಒಣಗಿದ ತಿಂಗಳಲ್ಲೇ ಕೈ ಕಟ್ಟಿತು. ಸರ್ಕಾರ ಬದಲಾದಾಗ ಇನ್ನೊಂದು ತಡೆ: 2023ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಹಿಂದಿನ ಕಾಮಗಾರಿಗಳ ಹಣ ಪಾವತಿಯನ್ನು, ಶುರುವಾಗದ ಕೆಲಸಗಳನ್ನು ತಡೆಹಿಡಿಯುವ ಆದೇಶ ಹೊರಟಿತು. ಅಕ್ರಮ ತಡೆಯಲು ಹಾಗೆ ಮಾಡಿದ್ದಿರಬಹುದು. ಆದರೆ ಅರ್ಧ ಸೀಳಿದ ಏರಿಗೂ ಇನ್ನೂ ಹಾಕದ ಡಾಂಬರಿಗೂ ವ್ಯತ್ಯಾಸ ಇಲ್ಲವೇ? ರಸ್ತೆ ಒಂದು ವರ್ಷ ಕಾಯುತ್ತದೆ. ರೋಹಿಣಿ ಮಳೆ ಕಾಯೂದಿಲ್ಲ.

ಟೆಂಡರೇ ಬೇಡ ಅಂತಲ್ಲ

ಹಾಗಾದರೆ ಟೆಂಡರು ಬಿಟ್ಟು ನೇರ ಕೊಡಲಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಯ್ದೆಯಲ್ಲಿ ಈಗಾಗಲೇ ಕಿಂಡಿಗಳಿವೆ. 5 ಲಕ್ಷದೊಳಗಿನ ಕಟ್ಟುವ ಕೆಲಸಕ್ಕೆ ಟೆಂಡರು ಕಡ್ಡಾಯ ಇಲ್ಲ, ಹಾಗಾಗಿ ಒಂದು ಕೆಲಸವನ್ನೇ ನಾಲ್ಕು ತುಂಡು ಮಾಡುವವರಿದ್ದಾರೆ. 4(ಜಿ) ಅನ್ನುವ ಕಲಮಿನಲ್ಲಿ ಸರ್ಕಾರ ಬೇಕಾದ ಕೆಲಸಕ್ಕೆ ವಿನಾಯಿತಿ ಕೊಡಬಹುದು. ಹಿಂದೆ ಭೂಸೇನೆ ಅಂತ ಕರೆಯುತ್ತಿದ್ದ ನಿಗಮಕ್ಕೆ, ನಿರ್ಮಿತಿ ಕೇಂದ್ರಗಳಿಗೆ ಹೀಗೆ ಕೆಲಸ ಕೊಟ್ಟ ರೂಢಿ ಇದೆ. 2021ರಲ್ಲಿ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಶೇಕಡಾ 40 ಕಮಿಷನ್ ಅಂತ ದೂರಿತು. ಅದರ ವಿಚಾರಣೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ ಬಂದು 2025ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಟೆಂಡರು ಇದ್ದಾಗಲೇ ಹೀಗೆ ದೂರು ಬಂದರೆ ಟೆಂಡರು ಇಲ್ಲದಿದ್ದರೆ ಹೇಗಿದ್ದೀತು?

ಕಾಯ್ದೆಯ ದೊಡ್ಡ ಕೊರತೆ ಬೇರೆಯೇ ಇದೆ. ಅದರಲ್ಲಿ ಇಬ್ಬರೇ ಇದ್ದಾರೆ: ಟೆಂಡರು ಕರೆಯುವ ಅಧಿಕಾರಿ, ಟೆಂಡರು ಹಾಕುವ ಗುತ್ತಿಗೆದಾರ. ತನಗೆ ಅನ್ಯಾಯವಾಯ್ತು ಅಂತ ಮೇಲ್ಮನವಿ ಹಾಕುವ ಹಕ್ಕು ಟೆಂಡರು ಹಾಕಿದವನಿಗೆ ಇದೆ. ಬೆಳೆ ಕಳೆದುಕೊಂಡವನಿಗೆ ಇಲ್ಲ. ಯಾರ ಹೆಸರಿನಲ್ಲಿ ಹಣ ಮಂಜೂರಾಯಿತೋ ಅವನ ಹೆಸರೇ ಆ ಕಾಯ್ದೆಯಲ್ಲಿ ಇಲ್ಲ.

ಏನು ಕೇಳಬೇಕು, ಏನು ಮಾಡಬೇಕು

ನನ್ನ ಮಟ್ಟಿಗೆ ತೋಚಿದ್ದು ಇಷ್ಟು.

1. ಕೆರೆ, ಒಡ್ಡು, ಕಾಲುವೆಯ ಕೆಲಸವನ್ನು ರಸ್ತೆ, ಕಟ್ಟಡದ ಜೊತೆ ಗಂಟು ಕಟ್ಟಬಾರದು. ಒಂದು ಕೆರೆಗೆ ಒಂದು ಟೆಂಡರು.

2. ಕೆರೆ ಕೆಲಸದ ಟೆಂಡರನ್ನು ಮಳೆಗಾಲದಲ್ಲೇ ಕರೆದು ಡಿಸೆಂಬರ್ ಒಳಗೆ ಕಾರ್ಯಾದೇಶ ಕೊಡಬೇಕು. ಜನವರಿಯಲ್ಲಿ ಸಲಿಕೆ ಬಿದ್ದಿದ್ದರೆ ಮಾರ್ಚಿನ ನೀತಿ ಸಂಹಿತೆಯೂ ಅಡ್ಡ ಬರುವುದಿಲ್ಲ.

3. ಏಪ್ರಿಲ್ 15ರ ನಂತರ ಏರಿ ಸೀಳಬಾರದು, ತೂಬು ಕೀಳಬಾರದು ಅಂತ ಕರಾರಿನಲ್ಲೇ ಬರೆಯಬೇಕು. ಸೀಳಿದವನು ಮುಚ್ಚದೆ ಹೋದರೆ ಅವನ ಠೇವಣಿಯಿಂದಲೇ ತಕ್ಷಣ ಮುಚ್ಚಿಸಬೇಕು.

4. ತೆರಿಗೆಯನ್ನು ಕೆಲಸದ ಮೊತ್ತದಿಂದ ಹೊರಗಿಟ್ಟು ಮಂಜೂರಾತಿ ಕೊಡಬೇಕು.

5. ಸಣ್ಣ ಗುತ್ತಿಗೆದಾರನ ಬಿಲ್ಲು ಮೊದಲು ಕೊಡಬೇಕು. ಸಾವಿರಾರು ಕೋಟಿ ಬಾಕಿ ಅಂತ ಅವರ ಸಂಘ ಹೇಳುತ್ತಲೇ ಬಂದಿದೆ. ಬಾಕಿ ಬಿದ್ದರೆ ದೊಡ್ಡವನು ತಡೆಯುತ್ತಾನೆ, ಸಣ್ಣವನು ಅರ್ಧಕ್ಕೆ ಬಿಟ್ಟು ಓಡುತ್ತಾನೆ.

ಇವೆಲ್ಲ ಸರ್ಕಾರ ಮಾಡಬೇಕಾದದ್ದು. ನಾವು ಮಾಡುವುದೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕೊಟ್ಟು ಎಸ್ಟಿಮೇಟು, ಕರಾರು, ಅಳತೆ ಪುಸ್ತಕದ ನಕಲು ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಕಾಗದ ಮಾತ್ರ ಅಲ್ಲ, ಕೆಲಸವನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಬಹಳ ಮಂದಿಗೆ ಇದು ಗೊತ್ತಿಲ್ಲ.

ನಾವು ತೂಬು ಕಿತ್ತ ಮೇಲೆ ಕೇಳಿದೆವು. ಕೇಳಬೇಕಾದದ್ದು ಅದಕ್ಕೆ ಆರು ತಿಂಗಳು ಮೊದಲು. ಈಗ ಊರಲ್ಲಿ ಒಂದು ರೂಢಿ ಮಾಡಿದ್ದೇವೆ. ದೀಪಾವಳಿ ಕಳೆದ ಮೇಲೆ ನಾಲ್ಕೈದು ಜನ ಪಂಚಾಯ್ತಿಗೆ ಹೋಗಿ, ಈ ವರ್ಷ ಕೆರೆಗೆ ಏನು ಬಂದಿದೆ, ಟೆಂಡರು ಎಲ್ಲಿಗೆ ಬಂತು, ಯಾರಿಗೆ ಆಯ್ತು ಅಂತ ಬರೆದುಕೊಂಡು ಬರುತ್ತೇವೆ. ಎಸ್ಟಿಮೇಟಿನ ನಕಲು ಒಬ್ಬರ ಮನೆಯಲ್ಲಿ ಇರುತ್ತದೆ. ತಡವಾಗಿ ಬಂದ ಕೆಲಸವನ್ನು, "ಈಗ ಬ್ಯಾಡ್ರಿ, ಸುಗ್ಗಿ ಮುಗಿದ ಮ್ಯಾಲ ಬರ್ರಿ" ಅಂತ ವಾಪಸು ಕಳಿಸುವ ಧೈರ್ಯವೂ ಬಂದಿದೆ. ಹಣ ವಾಪಸು ಹೋಗುತ್ತದೆ ಅಂತ ಹೆದರಿಸಿದರು. ಹೋದರೆ ಹೋಗಲಿ ಅಂದೆವು. ಮುಂದಿನ ವರ್ಷ ಮತ್ತೆ ಕೇಳಬಹುದು. ತೂಬು ಕಿತ್ತ ಕೆರೆಯಿಂದ ಹರಿದುಹೋದ ನೀರನ್ನು ಮಾತ್ರ ಮತ್ತೆ ಕೇಳಲು ಬರುವುದಿಲ್ಲ.

ನಿಮ್ಮೂರ ಕೆರೆಗೆ ಈ ವರ್ಷ ಎಷ್ಟು ಮಂಜೂರಾಗಿದೆ? ಗೊತ್ತಿಲ್ಲದಿದ್ದರೆ ಈ ವಾರವೇ ಹೋಗಿ ಕೇಳಿ.